ಖಾಲಾ ಬಿಟ್ಟುಹೋದ ಕೌದಿ

ಮೊನ್ನೆ ಸೊಸೆ ಟ್ರಂಕು ತೆರೆದು ಹಳೆಯ ಕೌದಿಯೊಂದನ್ನು ಹೊರಗೆ ಹಾಕಿದಳು. ಮುಗ್ಗಲು ವಾಸನೆ ಮನೆ ತುಂಬ ಹರಡಿತು. "ಇದನ್ನ ಒಗದು ಹಾಕ್ಲೇನ್ರಿ ಅತ್ತಿ?" ಎಂದು ಕೇಳಿದ್ದೇ ತಡ, "ಬ್ಯಾಡ!" ಎಂದು ಕಿರುಚಿಬಿಟ್ಟೆ. ಪಾಪ, ಬೆಚ್ಚಿಬಿದ್ದಳು. ಒಂದು ಹರಕು ಕೌದಿಗೆ ಮುದುಕಿಯ ಇಷ್ಟು ರಂಪ ಯಾಕೆಂದು ಅವಳಿಗೆ ಹೇಗೆ ಗೊತ್ತಾಗಬೇಕು... ಎಪ್ಪತ್ತು ವರ್ಷ ನಾನು ಯಾರಿಗೂ ಹೇಳಿಲ್ಲ.

ಸುರಪುರದಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಹಚ್ಚಿಕೊಂಡು ಮುಸಲ್ಮಾನರ ಖಾಲಾನ ಮನೆಯಿತ್ತು. ಖಾಲಾ ಅಂದರೆ ಅವರ ಮಾತಿನಲ್ಲಿ ಚಿಕ್ಕವ್ವ; ನಾನೂ ಹಾಗೇ ಕರೆಯುತ್ತಿದ್ದೆ. ಅವಳ ಗಂಡ ನಿಜಾಮರ ಕಚೇರಿಯಲ್ಲಿ ಜವಾನ. ಒಬ್ಬಳೇ ಮಗಳು, ನನಗಿಂತ ನಾಲ್ಕು ವರ್ಷ ಚಿಕ್ಕವಳು. ಮಧ್ಯಾಹ್ನ ರೊಟ್ಟಿ ಕೆಲಸ ಮುಗಿಸಿ ಓಣಿಯ ಹೆಂಗಸರೆಲ್ಲ ಅವಳ ಪಡಸಾಲೆಗೆ ಕೌದಿ ಹೊಲಿಯಲು ಬರುತ್ತಿದ್ದರು. ಕುರುಬರ ಮನೆಯವರು, ನೇಕಾರರು, ಅವಳ ಮಂದಿ, ಎಲ್ಲರೂ. ಹೊಲಿಯುತ್ತ ಹಾಡು ಕಟ್ಟುತ್ತಿದ್ದರು. ಒಬ್ಬಳಿಗೆ ಸತ್ತ ಕೂಸು, ಇನ್ನೊಬ್ಬಳಿಗೆ ಅತ್ತೆಯ ಬೈಗುಳ, ಮತ್ತೊಬ್ಬಳಿಗೆ ತವರು ಕಾಣದ ವರ್ಷ.

ಖಾಲಾ ಆ ಸಾಲುಗಳನ್ನು ತಿದ್ದಿ, ತನ್ನವೂ ನಾಲ್ಕು ಸೇರಿಸಿ ಬರೆದಿಡುತ್ತಿದ್ದಳು. ಅವಳು ಕಲಿತದ್ದು ಉರ್ದು ಅಕ್ಷರ, ಹಾಡು ನಮ್ಮ ಓಣಿಯ ಕನ್ನಡ. ಹಾಗಾಗಿ ಉರ್ದು ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದಳು. ಹೆಂಗಸಿಗೆ ಹಾಡು ಯಾಕೆಂದು ಅವಳ ಮಂದಿಯ ಹಿರಿಯರು ಗದರಿಸಿದರು. ಆ ಅಕ್ಷರ ನಮ್ಮ ಹೊಸ್ತಿಲು ದಾಟಬಾರದೆಂದು ನಮ್ಮಜ್ಜಿ ಅಪ್ಪಣೆ ಮಾಡಿದಳು. ಖಾಲಾ ಇಬ್ಬರಿಗೂ ಸೊಪ್ಪು ಹಾಕಲಿಲ್ಲ. "ನನ್ನ ಮಗಳಿಗಿ ಹೊಲ ಇಲ್ಲ, ಬಂಗಾರ ಇಲ್ಲ. ಕೊಡಾಕ ಇದ ಅದ," ಎನ್ನುತ್ತ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಿಸುತ್ತಿದ್ದಳು.

ನಿಜಾಮರ ರಾಜ್ಯ ಹೋಗಿ ಹಿಂದುಸ್ತಾನಕ್ಕೆ ಸೇರಿದೆವೆಂದು ನಮ್ಮ ಮನೆಯಲ್ಲಿ ಬೆಲ್ಲ ಹಂಚಿದರು. ಅದೇ ವಾರ ಖಾಲಾನ ಗಂಡನನ್ನು ನಾಲ್ಕು ಮಂದಿ ಬಂದು ಕರೆದುಕೊಂಡು ಹೋದರು. ಅವನು ತಿರುಗಿ ಬರಲಿಲ್ಲ. ಯಾರು ಒಯ್ದರೆಂದು ಓಣಿಗೆಲ್ಲ ಗೊತ್ತಿತ್ತು, ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಖಾಲಾ ಅವನ ಮೇಲೆ ಒಂದು ಹಾಡು ಬರೆದಳು. ಬಾಗಿಲು ಹಾಕಿಕೊಂಡು ಹೆಂಗಸರು ಅದನ್ನು ಒಂದೇ ಸಲ ಹಾಡಿದರು. ನಾನೂ ಹಾಡಿದೆ.

ಆಮೇಲೆ ಅವಳು ಯಾದಗಿರಿಯ ತಮ್ಮನ ಮನೆಗೆ ಹೊರಟಳು. ದಾರಿಯಲ್ಲಿ ಗಂಟು ಬಿಚ್ಚಿಸುತ್ತಾರೆ, ಸಿಕ್ಕಿದ್ದನ್ನು ಕಸಿಯುತ್ತಾರೆ, ಉರ್ದು ಕಾಗದ ಕಂಡರಂತೂ ಬಿಡುವುದಿಲ್ಲ ಎಂಬ ಸುದ್ದಿಯಿತ್ತು. ನಮ್ಮ ಕಡೆ ಕೌದಿ ಮುಗಿಸುವಾಗ ಕಡೆಯ ತೇಪೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ, ಕೌದಿ ಹಸಿದಿರಬಾರದು ಅಂತ. ಖಾಲಾ ರೊಟ್ಟಿಯ ಬದಲು ಹಾಡಿನ ಹಾಳೆಗಳನ್ನೆಲ್ಲ ಇಟ್ಟು ಹೊಲಿದಳು. ಸೂಜಿಗೆ ದಾರ ಪೋಣಿಸಿ ಕೊಟ್ಟವಳು ನಾನು. ಕೌದಿಯನ್ನು ನಮ್ಮವ್ವನ ಕೈಗಿಟ್ಟು, "ಅಕ್ಕಾ, ನಾ ಬರೂತನಕ ಇದನ್ನ ಒಗಿಬ್ಯಾಡ್ರಿ," ಎಂದಷ್ಟೇ ಹೇಳಿದಳು.

ಆ ಚಳಿಗಾಲದಲ್ಲಿ ನನ್ನ ತಮ್ಮ ಹುಟ್ಟಿದ. ಚಳಿ ತಡೆಯಲಾರದೆ ಅವ್ವ ಆ ಕೌದಿಯನ್ನೇ ಹೊದ್ದಳು. ಪುರುಡು ಕಳೆಯುವ ದಿನ ಬಾಣಂತಿ ಕೋಣೆಯ ಅರಿವೆಯೆಲ್ಲ ನೀರಿಗೆ ಬೀಳಲೇಬೇಕು. ಅಜ್ಜಿ ಗಂಟು ಕಟ್ಟಿ ನನ್ನ ತಲೆಯ ಮೇಲೆ ಹೊರಿಸಿ ತಾನೂ ಹಳ್ಳಕ್ಕೆ ಬಂದಳು. ಒಳಗೆ ಏನಿದೆಯೆಂದು ಹೇಳಿದರೆ ಅಲ್ಲೇ ಬಿಚ್ಚಿ ಸುಟ್ಟಾಳೆಂಬ ಹೆದರಿಕೆ ನನಗೆ. ಹಾಳೆಗಳಿದ್ದ ತೇಪೆಯನ್ನು ಮೇಲೆತ್ತಿ ಹಿಡಿದು ಅಂಚು ಮಾತ್ರ ತೋಯಿಸಿದೆ. "ಕೈಯಾಗ ಬಲ ಇಲ್ಲೇನ ನಿನಗ?" ಎಂದು ಅಜ್ಜಿ ಇಡೀ ಕೌದಿಯನ್ನು ನೀರಿಗೆ ತುಳಿದಳು. ನಾನು ಕಲ್ಲಿಗೆ ಬಡಿದೆ. ತೇಪೆಯ ಸುತ್ತ ನೀಲಿ ನೀರು ಬಂತು... ಬಡಿಯುತ್ತಲೇ ಇದ್ದೆ.

ಬೇಸಿಗೆಗೆ ಖಾಲಾ ಬಂದಳು. ನಮ್ಮ ಕಟ್ಟೆಯ ಮೇಲೆ ಕುಳಿತು ಹೊಲಿಗೆ ಬಿಚ್ಚಿದಳು. ಒಳಗಿದ್ದದ್ದು ಒಣಗಿದ ಕಾಗದದ ಮುದ್ದೆ. ಯಾರು ಒಗೆದರೆಂದು ಅವಳು ಕೇಳಲಿಲ್ಲ. ಮರುದಿನ ಹೊಸ ನೋಟುಬುಕ್ಕು ಹಿಡಿದು ಮಗಳ ಕೈ ಹಿಡಿದುಕೊಂಡು ಮನೆಮನೆಗೆ ಹೋದಳು: ಹಾಡು ನೆನಪಿದ್ದಷ್ಟು ಹೇಳ್ರಿ, ಮತ್ತೆ ಬರೀತೀನಿ. "ನೆನಪಿಲ್ಲಬೇ," ಎಂದರು ಎಲ್ಲರೂ. ಸುಳ್ಳು. ಅವರು ಬೀಸುವಾಗ ಗುನುಗುವುದನ್ನು ನಾನು ಕೇಳಿದ್ದೆ. ಆದರೆ ಹಾಡು ಬಂದರೆ ಅದರ ಹಿಂದೆ ಖಾಲಾನ ಗಂಡ ಬರುತ್ತಾನೆ, ಅವನನ್ನು ಒಯ್ದವರೂ ಬರುತ್ತಾರೆ. ಎಲ್ಲರಿಗೂ ಮನೆಯಿತ್ತು, ಮಕ್ಕಳಿದ್ದರು.

ಕಡೆಗೆ ಮಗಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. "ಬೇಟಾ, ನಿನಗ ಬರ್ತದಲ್ಲ? ಇಕಿ ಅಬ್ಬಾನ ಹಾಡು?"

ಬರುತ್ತಿತ್ತು. ಹಿಂದೆ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು.

"ಇಲ್ಲ ಖಾಲಾ," ಎಂದೆ.

ಅವಳು ಕೌದಿ ಮಡಚಿ ನನ್ನ ಮಡಿಲಿಗಿಟ್ಟಳು. "ನೀನ ಇಟ್ಕೋ. ಇದರ ಹೊಟ್ಟಿ ಖಾಲಿ ಆಗ್ಯದ. ಒಂದು ಚೂರು ರೊಟ್ಟಿ ಇಟ್ಟು ಹೊಲಿ." ತಾಯಿ ಮಗಳು ಅವತ್ತೇ ಹೊರಟುಹೋದರು. ಮತ್ತೆ ನಾನು ಅವರನ್ನು ಕಾಣಲಿಲ್ಲ. ಆ ಮಗಳು ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ...

ಆ ತೇಪೆಯನ್ನು ನಾನು ಇವತ್ತಿಗೂ ಹೊಲಿದಿಲ್ಲ. ನಿನ್ನೆ ಸೊಸೆಗೆ ಇಷ್ಟನ್ನೂ ಹೇಳಿ ಪೆನ್ನು ತರಿಸಿಕೊಂಡೆ. ಆ ಹಾಡನ್ನಾದರೂ ಬರೆದು ಒಳಗಿಡೋಣವೆಂದು ಕುಳಿತೆ. "ಬುತ್ತಿ ಕಟ್ಟಿಟ್ಟೀನಿ, ಬಾಗಿಲ ತೆರದೀನಿ..." ಎಂದು ಬರೆದೆ. ಮುಂದಿನ ಸಾಲು ಬರಲಿಲ್ಲ. ಇವತ್ತೂ ಕುಳಿತೆ, ಬರಲಿಲ್ಲ. ಅವತ್ತು ಬರುತ್ತಿತ್ತು. ಪೂರ್ತಿ ಬರುತ್ತಿತ್ತು.