ನನ್ನ ಅಮ್ಮನ ಜಪಾನೀ ಪೊಲೀಸರು

ಎಲ್ಲರ ಕೆಲಸವೂ ಹೋಗುತ್ತಿದ್ದ ಆ ಚಳಿಗಾಲದಲ್ಲಿ, ಕೆಲಸ ಕಳೆದುಕೊಂಡವಳೊಬ್ಬಳನ್ನು ನೋಡಿ ನಾನು ಹೊಟ್ಟೆಕಿಚ್ಚು ಪಟ್ಟೆ. ಹೇಳಿದರೆ ಯಾರೂ ನಂಬುವುದಿಲ್ಲ. ಮ್ಯಾನ್‌ಹಟನ್ನಿನಲ್ಲಿ ನನ್ನ ಕೆಲಸ ಇನ್ನೂ ಗಟ್ಟಿಯಾಗಿತ್ತು. ಬೆಳಕು ಹರಿಯುವ ಮೊದಲೇ ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ರೈಲು ಹತ್ತಿ, ಕತ್ತಲಾದ ಮೇಲೆ ಮಾನ್ಮತ್ ಜಂಕ್ಷನ್ನಿನ ಮನೆಗೆ ಬರುತ್ತಿದ್ದೆ. ಪಕ್ಕದ ಟೌನ್‌ಹೌಸಿನ ಧಾರವಾಡದವಳ ಐಟಿ ಕೆಲಸ ಹೋಗಿತ್ತು. ಹಾಗಾಗಿ ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ನನ್ನ ಅಮ್ಮ ಹಗಲೆಲ್ಲ ಅವಳ ಪಾಲಾದಳು.

ಇಬ್ಬರನ್ನೂ ಕಟ್ಟಿಹಾಕಿದ್ದು ಒಂದು ಜಪಾನೀ ಪೊಲೀಸ್ ಧಾರಾವಾಹಿ. ಅವಳು ಲೈಬ್ರರಿಯಿಂದ ಡಿವಿಡಿ ತಂದಿದ್ದಳು. ಹಳೆಯ ಕೇಸುಗಳನ್ನು ಅಗೆಯುವ ಇಬ್ಬರು ಪತ್ತೇದಾರರ ಕಥೆ ಅದು. ಅವರ ಕೈಗೆ ಬರುವ ಕೇಸುಗಳಿಗೆ ಕಾನೂನು ಕೊಟ್ಟ ಅವಧಿ ಮುಗಿದಿರುತ್ತದೆ, ಕೊಲೆಗಾರ ಎದುರಿಗೇ ನಿಂತರೂ ಹಿಡಿಯುವಂತಿಲ್ಲ. ಆದರೂ ಹುಡುಕುತ್ತಾರೆ, ನಿಜ ಏನೆಂದು ತಿಳಿದ ಮೇಲೆ ಸತ್ತವರ ಮನೆಗೆ ಹೋಗಿ, ತಲೆಬಾಗಿ, ಹೇಳಿ ಬರುತ್ತಾರೆ. ಅಮ್ಮನಿಗೆ ಇಂಗ್ಲಿಷ್ ಅಕ್ಷರ ಗೊತ್ತಿದ್ದರೂ ಸಬ್‌ಟೈಟಲ್ ಓಡುವಷ್ಟು ಬೇಗ ಓದಲಾಗುತ್ತಿರಲಿಲ್ಲ. ಧಾರವಾಡದವಳು ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಪತ್ತೇದಾರರಿಗೆ ಗಿಡ್ಡ ಸಾಹೇಬ, ಛತ್ರಿ ಸಾಹೇಬ ಎಂದು ಹೆಸರನ್ನೂ ಇಟ್ಟಿದ್ದಳು.

ಒಂದು ಸಂಜೆ ಬೇಗ ಬಂದು ನೋಡಿದರೆ ಇಬ್ಬರೂ ಕಾರ್ಪೆಟ್ಟಿನ ಮೇಲೆ ಕೂತು, ನಡುವೆ ಪಾತ್ರೆಯಿಟ್ಟುಕೊಂಡು, ನೆನೆಸಿದ ಫ್ರೋಜನ್ ಅವರೆಕಾಳು ಹಿದುಕುತ್ತಿದ್ದರು. ಅದು ನನ್ನ ಜಾಗ! ಚಿಕ್ಕಂದಿನಲ್ಲಿ ಅಮ್ಮ ಮ್ಯಾಟಿನಿಗೆ ಹೋಗಿ ಬಂದು, ನನ್ನನ್ನು ಎದುರಿಗೆ ಕೂರಿಸಿಕೊಂಡು ಅವರೆಕಾಳು ಹಿದುಕುತ್ತಾ, ಸಿನಿಮಾದ ಕಥೆಯನ್ನು ಟೈಟಲ್‌ನಿಂದ ಶುಭಂವರೆಗೆ ಹೇಳುತ್ತಿದ್ದಳು. ಈಗ ಕಥೆ ಹೇಳುವವಳು ಇನ್ನೊಬ್ಬಳು, ಬಾಯಿಬಿಟ್ಟುಕೊಂಡು ಕೇಳುವವಳು ಅಮ್ಮ. ನನಗೆ ಸಿಕ್ಕಿದ್ದು ಸಾರು ಮಾತ್ರ.

"ಆಮ್ಯಾಲೆ ಏನಾತು ಕೇಳ್ರಿ ಅವ್ವಾ," ಎನ್ನುತ್ತಿದ್ದಳು ಅವಳು. ಮೊದಲ ವಾರ ಅಮ್ಮ ಅವಳಿಗೆ ಆಂಟಿಯಾಗಿದ್ದಳು. ಆಂಟಿ ಯಾವಾಗ ಅವ್ವ ಆದಳೋ ನನಗೆ ತಿಳಿಯಲೇ ಇಲ್ಲ.

ಶನಿವಾರಗಳಲ್ಲಿ ನಾನೂ ಓದಿ ಹೇಳಲು ಹೋದೆ. ಅಮ್ಮ ಎರಡು ನಿಮಿಷ ಕೇಳಿ ಆಕಳಿಸಿದಳು. "ನೀನು ಬರೀ ಮಾತು ಹೇಳ್ತೀಯ ಕಣೇ. ಅವಳು ಕಥೆ ಹೇಳ್ತಾಳೆ." ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ?

ಆದರೆ ನಿಜವಾಗಿ ಉರಿ ಹತ್ತಿದ್ದು ಅವಳು ಕಸದ ಡಬ್ಬಿ ಹೊರಗಿಡುತ್ತಾ, "ನಿಮ್ಮ ಮಾಮಾರ ಸುದ್ದಿ ಆಮ್ಯಾಲೆ ಏನರೆ ಗೊತ್ತಾತೇನ್ರಿ?" ಎಂದು ಕೇಳಿದ ದಿನ. ಅಮ್ಮನ ತಮ್ಮ ನಾನು ಹುಟ್ಟುವ ಮೊದಲು, ಪರೀಕ್ಷೆಯಲ್ಲಿ ಫೇಲಾಗಿ, ಮನೆ ಬಿಟ್ಟು ಹೋದವನು ಮತ್ತೆ ಬರಲಿಲ್ಲ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ನಾನು ಚಿಕ್ಕವಳಿದ್ದಾಗ ಒಮ್ಮೆ ಕೇಳಿ ಬೈಸಿಕೊಂಡಿದ್ದೆ. ಹೆತ್ತ ಮಗಳಿಗೆ ಹೇಳದ್ದನ್ನು ಅಮ್ಮ ಪಕ್ಕದ ಮನೆಯವಳಿಗೆ ಹೇಳಿದ್ದಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಆಮೇಲೆ ನನಗೊಂದು ಅಸ್ತ್ರ ಸಿಕ್ಕಿತು. ಆ ಧಾರಾವಾಹಿಯಲ್ಲಿ ಮಗ ಕಾಣೆಯಾದ ಒಬ್ಬ ತಾಯಿಯಿದ್ದಾಳೆ. ಗಿಡ್ಡ ಸಾಹೇಬ ಪ್ರತಿ ಕಂತಿನಲ್ಲೂ ಅವಳ ಮನೆ ಬಾಗಿಲಿಗೆ ಹೋಗುತ್ತಾನೆ. ಒಂದು ಶನಿವಾರ ಅವರಿಬ್ಬರ ಹಿಂದೆ ನಿಂತು ನೋಡುತ್ತಿದ್ದೆ. ಪರದೆಯ ಮೇಲೆ 'ಯಾವ ಸುದ್ದಿಯೂ ಇಲ್ಲ' ಎಂದು ಬಂತು. ಧಾರವಾಡದವಳು ಕಣ್ಣು ಮಿಟುಕಿಸದೆ, "ಮಗಂದು ಒಂದು ಕಾಗದ ಬಂದೈತಂತ್ರೀ ಅವ್ವಾ, ಎಲ್ಲೋ ಆರಾಮ ಅದಾನಂತ," ಎಂದಳು. ಕಳ್ಳಿ ಸಿಕ್ಕಿಬಿದ್ದಳು! ನಾನು ಬಾಯಿ ಬಿಡಲಿಲ್ಲ. ಸಮಯ ಬರಲಿ, ಅಮ್ಮನೆದುರು ಅವಳ ಬಣ್ಣ ಬಯಲು ಮಾಡುತ್ತೇನೆ ಎಂದು ಕಾದೆ.

ಸಮಯ ಬಂತು. ಕೊನೆಯ ಡಿವಿಡಿಯನ್ನು ಅಂದೇ ಲೈಬ್ರರಿಗೆ ಹಿಂದಿರುಗಿಸಬೇಕಿತ್ತು. ಅವಳು ತಾನು ಮೊದಲೇ ನೋಡಿ ಮುಗಿಸಿ, ಅದನ್ನು ನಮ್ಮ ಮನೆಯಲ್ಲಿ ಬಿಟ್ಟು, ಗಂಡನ ಜೊತೆ ವೆಸ್ಟ್ ವಿಂಡ್ಸರಿಗೆ ಯಾರದೋ ಮನೆಯ ಊಟಕ್ಕೆ ಹೋಗಿದ್ದಳು. "ಇವತ್ತು ನೀನೇ ಹಾಕು," ಎಂದಳು ಅಮ್ಮ. ನಾನು ಹಬ್ಬದೂಟಕ್ಕೆ ಕೂತವಳಂತೆ ಕೂತೆ.

ಕೊನೆಯಲ್ಲಿ ಗಿಡ್ಡ ಸಾಹೇಬ ಆ ತಾಯಿಯ ಬಾಗಿಲಲ್ಲಿ ನಿಂತು ಟೋಪಿ ತೆಗೆದ. ಸಬ್‌ಟೈಟಲ್ ಬಂತು. ಓದಿದೆ.

"ಯಾಕೇ ಸುಮ್ನಾದೆ? ಏನಂತೆ?"

"ಸಿಕ್ಕಿದಾನಂತಮ್ಮ. ಯಾವುದೋ ಊರಲ್ಲಿ... ಕೆಲಸದಲ್ಲಿ ಇದಾನಂತೆ."

ಅಮ್ಮ ರಿಮೋಟ್ ತೆಗೆದುಕೊಂಡು ಚಿತ್ರ ನಿಲ್ಲಿಸಿದಳು. "ಸುಳ್ಳು ಹೇಳಕ್ಕೆ ಅವಳಿದಾಳೆ, ಚೆನ್ನಾಗೇ ಹೇಳ್ತಾಳೆ. ಆ ಹೆಂಗಸಿನ ಮುಖ ನೋಡಿದ್ರೆ ನಂಗೆ ಗೊತ್ತಾಗಲ್ವಾ? ನಿನಗದು ಬರಲ್ಲ. ನೀನು ನಿಜ ಹೇಳು."

ಹೇಳಿದೆ. "ಮನೆ ಬಿಟ್ಟು ಹೋದ ವಾರದಲ್ಲೇ ತೀರಿಕೊಂಡಿದ್ನಂತೆ. ಇವಳು ಅಷ್ಟು ವರ್ಷವೂ ಸುಮ್ಮನೆ ಕಾದಳಂತೆ."

ಅಮ್ಮ ನಿಂತ ಚಿತ್ರದತ್ತ ಬೆರಳು ತೋರಿಸಿದಳು. "ಆ ಸಾಹೇಬ್ರು ಮನೆಗೇ ಬಂದು ಹೇಳಿದ್ರಾ?"

"ಹೂಂ. ಮನೆಗೇ ಬಂದು."

"ಪುಣ್ಯವಂತೆ," ಎಂದಳು ಅಮ್ಮ. ಆ ದನಿಯಲ್ಲಿದ್ದ ಹೊಟ್ಟೆಕಿಚ್ಚಿನ ಗುರುತು ನನಗೆ ಹತ್ತಿತು. "ನಮ್ಮನೆಗೆ ಯಾರೂ ಬರ್ಲಿಲ್ಲ ನೋಡು."

ನಾನು ಅವಳ ಕೈ ಹಿಡಿದುಕೊಂಡೆ. ಮೊದಲ ಸಲ ತಮ್ಮನ ಬಗ್ಗೆ ನನ್ನೊಡನೆ ಮಾತಾಡಿದಳು. ಸಾಯಂಕಾಲದವರೆಗೂ ಮಾತಾಡಿದಳು. ಡಿವಿಡಿ ಹಿಂದಿರುಗಿಸುವುದು ಇಬ್ಬರಿಗೂ ಮರೆತೇ ಹೋಯಿತು.

ಗೆದ್ದೆ ಎಂದುಕೊಂಡಿದ್ದೆ. ಮರುದಿನ ಭಾನುವಾರ ಧಾರವಾಡದವಳು ಬಂದಳು. ಅಮ್ಮ ಅವರೆಕಾಳಿನ ಪಾತ್ರೆ ಎಳೆದು ಕೂತು, ಏನೂ ತಿಳಿಯದವಳಂತೆ, "ಕೊನೇಗೆ ಏನಾಯ್ತೇ? ಇವಳಿಗೆ ಹೇಳಕ್ಕೆ ಬರಲಿಲ್ಲ," ಎಂದಳು.

"ಬಂದಾನಲ್ರೀ ಅವ್ವಾ! ಸಾಹೇಬ ತಾನ ಕೈ ಹಿಡಕೊಂಡು ಕರಕೊಂಡು ಬಂದಾನ. ಅವ್ವನ ಕಂಡಕೂಡ್ಲೆ ಚಪ್ಪಲಿನೂ ಬಿಡ್ಲಾರ್ದ ಒಳಗ ಓಡ್ಯಾನ."

"ಬಂದವನಿಗೆ ಊಟಕ್ಕೆ ಏನು ಹಾಕಿದ್ಲು?"

ಅವಳು ಕೈಯಲ್ಲಿದ್ದ ಕಾಳನ್ನು ನೋಡಿದಳು. "ಇದನ್ನ, ಅವ್ವಾ. ಹಿದುಕಿದ ಬ್ಯಾಳಿ ಸಾರು. ಎರಡು ಸಲ ಹಾಕಿಸ್ಕೊಂಡ."

ಅಮ್ಮ ಕಣ್ಣು ಮುಚ್ಚಿಕೊಂಡು ನಕ್ಕಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಆ ಸುಳ್ಳು ನನಗೆ ಹೊಳೆಯಲಿಲ್ಲವಲ್ಲ ಎಂದು ಇಂದಿಗೂ ನನ್ನ ಹೊಟ್ಟೆ ಉರಿಯುತ್ತದೆ.