ಸಿನಿಮಾ ಬಿಡಿಸಿ ಹೇಳುತ್ತಿದ್ದವಳು

ನಮ್ಮ ಓಣಿಯಲ್ಲಿ ಹಳೆ ಬಟ್ಟೆ ಸೇರಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದ ಆಕೆಗೆ ಉರ್ದು ಚೆನ್ನಾಗಿ ಬರುತ್ತಿತ್ತು. ನಿಜಾಮರ ಕಾಲದ ಗಂಗಾವತಿಗೆ ಟೆಂಟ್ ಸಿನಿಮಾ ಬಂದಾಗಲೆಲ್ಲ ನಾವು ಹೆಂಗಸರು ಆಕೆಯನ್ನು ನಡುವೆ ಕೂರಿಸಿಕೊಳ್ಳುತ್ತಿದ್ದೆವು. ಪರದೆಯ ಮೇಲಿನ ಹಿಂದಿ ಮಾತನ್ನು ಆಕೆ ನಮಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಳು. ನಾವು ಅತ್ತರೆ ಮೊಣಕೈಯಿಂದ ತಿವಿದು, "ಅಳಬ್ಯಾಡ್ರಿ, ಮುಂದ ನೋಡ್ರಿ" ಎನ್ನುತ್ತಿದ್ದಳು. ಗಂಡ ಆಕೆಯನ್ನು ಹೊಡೆಯುತ್ತಾನೆಂಬುದು ಓಣಿಗೆಲ್ಲ ಗೊತ್ತಿತ್ತು. ಆಕೆ ಮಾತ್ರ ಆ ವಿಷಯ ಎತ್ತುತ್ತಿರಲಿಲ್ಲ.

ಒಂದು ಸಂಜೆಯ ಆಟದಲ್ಲಿ, ಗಂಡನ ಏಟು ತಿಂದು ಮನೆ ಬಿಟ್ಟವಳೊಬ್ಬಳು ಓದಿ ಉಪಾಧ್ಯಾಯಿನಿಯಾಗುವ ಕಥೆ ನಡೆದಿತ್ತು. ಕೌದಿಯವಳು ಅದನ್ನು ನಮಗೆ ಬಿಡಿಸಿ ಹೇಳುತ್ತಿದ್ದಾಗ ಆಕೆಯ ಗಂಡ ಟೆಂಟಿನಲ್ಲಿ ಹೆಂಗಸರ ನಡುವೆಯೇ ನುಗ್ಗಿ ಬಂದ.

"ಯಾರನ್ನ ಕೇಳಿ ಬಂದಿ? ಏಳ, ಮನಿಗೆ ನಡಿ!" ಎಂದು ಕೈ ಎತ್ತಿದ.

ಆಕೆ ಎದ್ದು ನಿಂತು ಆ ಕೈಯನ್ನು ಗಟ್ಟಿಯಾಗಿ ಹಿಡಿದಳು. "ಇಲ್ಲೀತನಕ ತಿಂದದ್ದು ಸಾಕು. ಇನ್ನೊಮ್ಮೆ ಹೊಡದ್ರ ಆ ಮನ್ಯಾಗ ನೀ ಒಬ್ಬನ ಇರ್ತಿ."

ನಾವೆಲ್ಲ ಎದ್ದು ಆಕೆಯ ಸುತ್ತ ನಿಂತೆವು. ಆತ ಕೈ ಬಿಡಿಸಿಕೊಂಡು, ತಲೆ ತಗ್ಗಿಸಿ ಹೊರಗೆ ಹೋದ. ಅಂದಿನಿಂದ ಆತ ಆಕೆಯನ್ನು ಹೊಡೆದದ್ದಿಲ್ಲ.

ಆ ಸಂಜೆ ಆತ ಹೋದ ಮೇಲೆ ಆಕೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. "ಅಯ್ಯ, ನಡುವ ಕಥಿ ಏನಾತೋ ನಾ ನೋಡ್ಲೇ ಇಲ್ಲ. ನೀವರ ಹೇಳ್ರಿ."

"ನಾವೂ ನೋಡ್ಲಿಲ್ಲವ್ವಾ," ಎಂದೆ ನಾನು. "ಎಲ್ಲಾರೂ ನಿನ್ನ ನೋಡಾಕತ್ತಿದ್ವಿ."