ಅಂಬುಜಾ ಮನೆಯ ‘ಬರ್ತೀನಿ’

ಇಂದಿರಾನಗರದ ಪಕ್ಕದ ವಿಮಾ ಕಾಲೊನಿಯ ಅಂಬುಜಾ ಮೂವತ್ತೊಂದು ವರ್ಷ ವಿಮಾ ಕಚೇರಿಯಲ್ಲಿ ಮರಣದ ಕ್ಲೇಮುಗಳನ್ನು ನೋಡಿಕೊಂಡು ನಿವೃತ್ತರಾದವರು. ಅಷ್ಟೊಂದು ಫೈಲು ತಿರುವಿದ ಮೇಲೂ ಅವರು ಹೆದರುತ್ತಿದ್ದದ್ದು ಒಂದೇ ಮಾತಿಗೆ: ‘ಹೋಗ್ತೀನಿ’. ಕೊತ್ತಂಬರಿ ಸೊಪ್ಪಿಗೆ ಹೊರಟವರೂ ಆ ಮನೆಯಲ್ಲಿ ‘ಬರ್ತೀನಿ’ ಎಂದೇ ಹೊಸಿಲು ದಾಟಬೇಕು.

ಮಗಳು ತನ್ಮಯಿ, ಮಾತು ಕೇಳಿ ಲೈಟು, ಫ್ಯಾನು ಹಾಕಿ ಆರಿಸುವ ಯಂತ್ರ ತಂದಿಟ್ಟಳು, ಪಜೀತಿ ಶುರುವಾಯಿತು. ಅಂಬುಜಾ ‘ಬರ್ತೀನಿ’ ಎಂದು ರಸೆಲ್ ಮಾರುಕಟ್ಟೆಗೆ ಹೊರಟರೆ, ಯಾರೋ ಬರುತ್ತಿದ್ದಾರೆಂದು ತಿಳಿದು ಅದು ಲೈಟು, ಫ್ಯಾನು, ಗೀಸರ್ ಎಲ್ಲ ಹಾಕಿ ಕಾಯುತ್ತಿತ್ತು. ಪಾಪ, ಮರ್ಯಾದಸ್ಥ ಯಂತ್ರ.

“‘ಹೋಗ್ತೀನಿ’ ಅಂದ್ಬಿಡಮ್ಮ, ಎಲ್ಲ ಆಫ್ ಆಗತ್ತೆ,” ಎಂದಳು ತನ್ಮಯಿ. “ಅರ್ಥ ಬದಲಾಯ್ಸೋದು ನನ್ ಕೈಲಿಲ್ಲ. ನಮ್ ಮಾತೆಲ್ಲ ಕ್ಲೌಡ್‌ಗೆ ಹೋಗಿ, ಕಂಪನಿ ಕಂಪ್ಯೂಟರ್‌ನಲ್ಲಿ ತೀರ್ಮಾನ ಆಗಿ ವಾಪಸ್ ಬರತ್ತೆ.”

“ನಮ್ಮನೆ ಗೀಸರ್‌ಗೆ ಅಪ್ಪಣೆ ಕೊಡೋಕೆ ಅವರ್ಯಾರೇ?”

ಗಂಡ ಗುರುರಾಜ್‌ಗೆ ಇದೆಲ್ಲ ತಮಾಷೆ. ಬೇಕೆಂದೇ ದಿನಕ್ಕೆ ನಾಲ್ಕು ಸಲ ಯಂತ್ರದೆದುರು ‘ಹೋಗ್ತೀನಿ’ ಎಂದು ಹೆಂಡತಿಯನ್ನು ಕಾಡುತ್ತಿದ್ದರು. ಆದರೆ ಬರುವ ಸೋಮವಾರ ಅವರಿಗೆ ಹೃದಯದ ಆಪರೇಷನ್. ಅಂದು ಆ ಮಾತು ಅವರ ಬಾಯಿಂದ ಬರಕೂಡದು ಎಂದು ಅಂಬುಜಾ ಹಟ ಹಿಡಿದರು.

ಜೋಗುಪಾಳ್ಯದ ಎಲೆಕ್ಟ್ರಿಷಿಯನ್ ಅಕ್ತರ್‌ಗೆ ಬುಲಾವ್ ಹೋಯಿತು. ಆತ ಹಳೆಯ ಯಂತ್ರ ಕಿತ್ತು, ತಿಂಡಿ ಡಬ್ಬಿಯಷ್ಟಿದ್ದ ಪೆಟ್ಟಿಗೆಯೊಂದನ್ನು ಕಪಾಟಿನಲ್ಲಿ ಕೂರಿಸಿದ.

“ಇದ್ರಲ್ಲಿ ಮಾತು ಮನೆ ಬಿಟ್ಟು ಹೊರಗ್ ಹೋಗಲ್ಲಮ್ಮ. ಇಂಟರ್‌ನೆಟ್ ಇಲ್ದಿದ್ರೂ ನಡೀತದೆ. ನೀವ್ ಹೇಳಿದ್ದೇ ಅರ್ಥ. ಹೊರಡೋವಾಗ ಏನಂತೀರಾ?”

“ಬರ್ತೀನಿ.”

ಅಕ್ತರ್ ನಗಲಿಲ್ಲ. “ನಮ್ಮಮ್ಮೀನೂ ‘ಜಾಕೆ ಆತೂಂ’ ಅಂತಾಳೆ, ಹೋಗಿ ಬರ್ತೀನಿ ಅಂತ. ಸರಿ, ವಾಪಸ್ ಬಂದಾಗ?”

ಮೂವತ್ತೊಂದು ವರ್ಷ ಅರ್ಜಿ ತಿದ್ದಿದ ಅಂಬುಜಾ ಈ ಕಾಲಂ ಬಗ್ಗೆ ಯೋಚಿಸಿಯೇ ಇರಲಿಲ್ಲ. “ಬಂದೆ,” ಎಂದರು.

ಸೋಮವಾರ ಬೆಳಿಗ್ಗೆ ಟ್ಯಾಕ್ಸಿ ಬಂತು. ತಾಯಿ ಮಗಳು ಬ್ಯಾಗು ಹಿಡಿದು ಅಂಗಳಕ್ಕಿಳಿದರು. ಗುರುರಾಜ್ ಕೊನೆಯವರಾಗಿ ಹೊಸಿಲ ಬಳಿ ನಿಂತರು. ಅವರಿಗೆ ನಿಜಕ್ಕೂ ಭಯವಾಗಿತ್ತು, ತಮಾಷೆ ಬಾಯಿಗೆ ಬರಲಿಲ್ಲ. ಮೆಲ್ಲಗೆ “ಬರ್ತೀನಿ,” ಎಂದರು. ಒಳಗೆ ಫ್ಯಾನು ನಿಂತಿತು, ಲೈಟು ಆಫ್ ಆಯಿತು.

“ಕೇಳಿಸ್ಲಿಲ್ಲ,” ಎಂದರು ಅಂಬುಜಾ.

“ಫ್ಯಾನ್ ನಿಂತಿದೆಯಲ್ಲೇ!”

“ಅದಕ್ಕೆ ಕೇಳಿಸ್ತು. ನನಗೆ ಕೇಳಿಸ್ಲಿಲ್ಲ. ಜೋರಾಗಿ ಹೇಳ್ರಿ.”

ಗುರುರಾಜ್ ಟ್ಯಾಕ್ಸಿಯವನೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದರು.